ಭೀಮನ ಗದೆ ಹಗುರವಾಗಿರಲಿ
ಹದಿಹರೆಯದವರಿಗೆ ನಾಟಕದ ಪರಿಕರ ತಯಾರಿಕೆ: ಯಾಕೆ? ಹೇಗೆ?

ನಾಟಕ ಮುಗಿದ ಮೇಲೆ ಊರಿನ ಜನ ಭೀಮನ ಪಾತ್ರ ಮಾಡಿದವನನ್ನು ಹೊಗಳುತ್ತಾರೆ. ದುರ್ಯೋಧನನ ಕಂದ ಪದ್ಯಕ್ಕೆ 'ಒನ್ಸ್ ಮೋರ್' ಕೂಗುತ್ತಾರೆ. ಹಾರ್ಮೋನಿಯಂ ಮೇಷ್ಟ್ರಿಗೆ ಶಾಲು ಹೊದಿಸುತ್ತಾರೆ. ಆದರೆ ಭೀಮನ ಕೈಯಲ್ಲಿದ್ದ ಗದೆ ಯಾರು ಮಾಡಿದ್ದು ಅಂತ ಯಾರಾದರೂ ಕೇಳಿದ್ದುಂಟೆ?

ರಾಂಪುರದ ಸುತ್ತಮುತ್ತ, ಮೊಳಕಾಲ್ಮುರು ಮತ್ತು ಚಳ್ಳಕೆರೆ ತಾಲ್ಲೂಕಿನ ಹಳ್ಳಿಗಳಲ್ಲಿ, ಸುಗ್ಗಿ ಮುಗಿದು ಜಾತ್ರೆಗಳು ಬಂದರೆ ನಾಟಕವೂ ಬಂತು ಅಂತಲೇ ಅರ್ಥ. 'ಕುರುಕ್ಷೇತ್ರ', 'ರಕ್ತರಾತ್ರಿ' ಇಲ್ಲದ ಊರು ಅಪರೂಪ. ಬಯಲಾಟ ಕಡಿಮೆಯಾಗಿದ್ದರೂ ಪೂರ್ತಿ ನಿಂತಿಲ್ಲ. ಆದರೆ ಪರದೆ, ಕಿರೀಟ, ಕತ್ತಿ, ಗದೆ ಎಲ್ಲವೂ ಪೇಟೆಯಿಂದ ಬಾಡಿಗೆಗೆ ಬರುತ್ತವೆ. ಬೆಳಿಗ್ಗೆ ಲಾರಿ ಹತ್ತಿ ಹೋಗುತ್ತವೆ. ಊರಿನ ದುಡ್ಡೂ ಅವುಗಳ ಜೊತೆ ಹೋಗುತ್ತದೆ. ಇದೇ ಸಾಮಾನನ್ನು ಊರಿನ ಹುಡುಗ ಹುಡುಗಿಯರು ತಮ್ಮ ಕೈಯಾರೆ ಮಾಡಿದರೆ ಹೇಗೆ? ಈ ವಿಷಯವನ್ನು ನಮ್ಮ ಅನುಭವದೊಂದಿಗೆ ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಒಂದು ತಪ್ಪಿನಿಂದ ಕಲಿತದ್ದು

ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುತ್ತೇವೆ. ಕುಡಿತದ ಬಗ್ಗೆ ಒಂದು ಬೀದಿ ನಾಟಕ ಮಾಡಿಸುತ್ತಿದ್ದೆವು. ಕುಡಿದ ಗಂಡ ಕುಡುಗೋಲು ಹಿಡಿದು ಬರುವ ದೃಶ್ಯ. 'ನಿಜದ ಹಾಗೆ ಕಾಣಲಿ' ಅಂತ ಪಕ್ಕದ ಮನೆಯಿಂದ ನಿಜವಾದ ಕುಡುಗೋಲನ್ನೇ ತಂದುಕೊಟ್ಟೆವು. ತಡೆಯಲು ಬಂದ ಪಾತ್ರದ ಹುಡುಗನ ಅಂಗೈ ಸೀಳಿತು. ನಾಲ್ಕು ಹೊಲಿಗೆ ಬಿತ್ತು. ಅವನ ತಾಯಿ ನಮ್ಮನ್ನು ಬೈಯಲಿಲ್ಲ. "ನಾಟ್ಕ ಅಂದ್ರೆ ಸುಳ್ಳು ಅಲ್ವಾ ಸಿಸ್ಟರ್? ಕುಡುಗೋಲು ಯಾಕೆ ನಿಜದ್ದು ಕೊಟ್ರಿ?" ಅಂತ ಕೇಳಿದರು. ಸಮಾಜಕಾರ್ಯದಲ್ಲಿ ಎರಡು ವರ್ಷ ಓದಿದ್ದ ನಮಗೆ ಆ ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ.

ಇಂಥ ತಪ್ಪು ದೊಡ್ಡವರಲ್ಲೂ ನಡೆಯುತ್ತದೆ. 2021ರ ಅಕ್ಟೋಬರ್‌ನಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ 'ರಸ್ಟ್' ಎಂಬ ಸಿನಿಮಾದ ತಯಾರಿ ನಡೆದಿದ್ದಾಗ, ಪರಿಕರವೆಂದು ಬಳಸುತ್ತಿದ್ದ ಪಿಸ್ತೂಲಿನಿಂದ ನಿಜವಾದ ಗುಂಡು ಹಾರಿ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಸತ್ತರು. ಆ ಚಿತ್ರದ ಆಯುಧಗಳ ಉಸ್ತುವಾರಿ ಹೊತ್ತಿದ್ದವರಿಗೆ 2024ರಲ್ಲಿ 18 ತಿಂಗಳ ಸೆರೆವಾಸವಾಯಿತು. ಎಷ್ಟೇ ಹಣ ಸುರಿದರೂ, ಸಾಮಾನು ಪರೀಕ್ಷಿಸಬೇಕಾದ ಒಬ್ಬರು ತಮ್ಮ ಕೆಲಸ ತಪ್ಪಿದರೆ ಜೀವ ಹೋಗುತ್ತದೆ.

ಪರಿಕರ ಎಂದರೇನು?

ಪಾತ್ರಧಾರಿ ಕೈಯಲ್ಲಿ ಹಿಡಿಯುವ, ಮೈಮೇಲೆ ತೊಡುವ, ರಂಗದ ಮೇಲೆ ಬಳಸುವ ವಸ್ತುವೇ ರಂಗ ಪರಿಕರ. ಹಳೇ ಕಂಪನಿ ನಾಟಕದವರು ಇದನ್ನು 'ಪ್ರಾಪರ್ಟಿ' ಅಂತಿದ್ದರು. ಒಳ್ಳೆಯ ಪರಿಕರಕ್ಕೆ ಮೂರು ಗುಣ ಬೇಕು. ಒಂದು, 30 ಅಡಿ ದೂರ ಕೂತವರಿಗೆ ಅದು ನಿಜವೆಂದು ಕಾಣಬೇಕು. ಎರಡು, ಹಿಡಿದವನಿಗೂ ಎದುರಿಗೆ ನಿಂತವನಿಗೂ ನೋವಾಗಬಾರದು. ಮೂರು, ಬೇಕಾದ ಗಳಿಗೆಯಲ್ಲಿ ಮುರಿಯಬಾರದು.

1884ರಲ್ಲಿ ಶುರುವಾದ ಗುಬ್ಬಿ ಕಂಪನಿ ತನ್ನ 'ಕುರುಕ್ಷೇತ್ರ' ನಾಟಕದಲ್ಲಿ ಆನೆ, ಕುದುರೆಗಳನ್ನೇ ರಂಗಕ್ಕೆ ತಂದು ಹೆಸರಾಗಿತ್ತು. ಅದು ದೊಡ್ಡ ಕಂಪನಿಯ ಮಾತು. ನಮ್ಮ ಬಯಲಾಟದವರದು ಬೇರೆ ದಾರಿ. ಹಗುರ ಮರದಲ್ಲಿ ಕಿರೀಟ, ಭುಜಕೀರ್ತಿ, ಎದೆಕಟ್ಟು ಕೆತ್ತಿ, ಮೇಲೆ ಬೇಗಡೆ, ಕನ್ನಡಿ ಚೂರು ಅಂಟಿಸುತ್ತಿದ್ದರು. ಯಾಕೆ? ಆಗ ಇದ್ದದ್ದು ಪಂಜಿನ ಬೆಳಕು, ಆಮೇಲೆ ಗ್ಯಾಸ್‌ಲೈಟು. ಆ ಮಂದ ಬೆಳಕನ್ನು ಹಿಡಿದು ಹಿಂದಿನ ಸಾಲಿನವರೆಗೆ ಎಸೆಯಲು ಬೇಗಡೆ ಬೇಕಿತ್ತು. ರಾತ್ರಿಯಿಡೀ ಕುಣಿಯಬೇಕಾದ್ದರಿಂದ ಮರ ಹಗುರವಾಗಿರಬೇಕಿತ್ತು. ಅಂದರೆ ಅದು ಬರೀ ಅಲಂಕಾರವಲ್ಲ, ಲೆಕ್ಕಾಚಾರ.

ತೊಗಲು ಗೊಂಬೆಯವರದೂ ಹಾಗೆಯೇ. ಆಡಿನ ಚರ್ಮವನ್ನು ನೆನೆಸಿ, ಕೂದಲು ಕೆರೆದು, ಬಿಗಿದು ಒಣಗಿಸಿ ಬೆಳಕು ಹಾಯುವಷ್ಟು ತೆಳುವಾಗಿಸುತ್ತಾರೆ. ಉಳಿಯಿಂದ ತೂತು ಕೊರೆಯುವುದು ಅಂದಕ್ಕಷ್ಟೇ ಅಲ್ಲ; ಆ ತೂತಿನಿಂದ ಬಂದ ಬೆಳಕೇ ಪರದೆ ಮೇಲೆ ಒಡವೆಯಾಗುತ್ತದೆ. ಈ ಕಲೆಯ ಹಿರಿಯರು ನಮ್ಮ ನೆರೆಯಲ್ಲೇ ಇದ್ದಾರೆ. ಕೊಪ್ಪಳ ಜಿಲ್ಲೆಯ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಬಳ್ಳಾರಿಯ ಬೆಳಗಲ್ಲು ವೀರಣ್ಣ ಪುರಾಣದ ಜೊತೆಗೆ ಗಾಂಧೀಜಿಯ ಬದುಕನ್ನೂ ತೊಗಲು ಗೊಂಬೆಯಲ್ಲಿ ಆಡಿಸಿದವರು. 2023ರ ಏಪ್ರಿಲ್‌ನಲ್ಲಿ ನಮ್ಮ ಚಳ್ಳಕೆರೆ ತಾಲ್ಲೂಕಿನ ರಸ್ತೆಯಲ್ಲೇ ಅಪಘಾತಕ್ಕೀಡಾಗಿ ತೀರಿಕೊಂಡರು. ಒಬ್ಬ ಹಿರಿಯರು ಹೋದರೆ ಹೋಗುವುದು ಗೊಂಬೆಗಳಲ್ಲ, ಗೊಂಬೆ ಮಾಡುವ ಕೈ. ಮಕ್ಕಳಿಗೆ ಕಲಿಸಬೇಕಾದ್ದು ಅದಕ್ಕೇ.

ಹಿತ್ತಲಲ್ಲೇ ಇದೆ ಸಾಮಾನು

ಕರಕುಶಲ ತರಬೇತಿ ಎಂದರೆ ಪೇಟೆಯಿಂದ ಥರ್ಮೋಕೋಲ್, ಸ್ಪ್ರೇ ಬಣ್ಣ ತರೋದು ಅಂತ ನಾವೂ ತಿಳಿದಿದ್ದೆವು. ಅಲಂಕಾರದ ಥರ್ಮೋಕೋಲ್ 2022ರ ಜುಲೈ 1ರಿಂದ ದೇಶದಲ್ಲಿ ನಿಷೇಧವಾಗಿದೆ. ಬಿಸಿ ತಂತಿಯಿಂದ ಅದನ್ನು ಕತ್ತರಿಸಿದರೆ ಬರುವ ಹೊಗೆಯೂ ಕೆಟ್ಟದ್ದು. ಇರಲಿ, ಅದರ ಅಗತ್ಯವೂ ಇಲ್ಲ. ನಮ್ಮ ಬರಗಾಲದ ಸೀಮೆಯಲ್ಲೇ ಏನೇನಿದೆ ನೋಡಿ:

• ಹುಣಸೆ ಬೀಜ – ಅಂಟಿಗೆ.
• ಹಳೇ ಪತ್ರಿಕೆ, ರಟ್ಟು, ಗೋಣಿಚೀಲ – ಆಕಾರಕ್ಕೆ.
• ಬದುವಿನ ಕತ್ತಾಳೆ ನಾರು – ಹಗ್ಗ, ಜಟೆ, ಕುದುರೆ ಬಾಲಕ್ಕೆ.
• ಕುರಿ ಉಣ್ಣೆಯ ಉಳಿಕೆ – ಗಡ್ಡ ಮೀಸೆಗೆ.
• ಶೇಂಗಾ ಸಿಪ್ಪೆ – ಪುಡಿ ಮಾಡಿ ಅಂಟಿನೊಡನೆ ಕಲಸಿದರೆ ಬಂಡೆ, ಮರದ ತೊಗಟೆಯ ಒರಟು ಮೈಗೆ.
• ಮೊಳಕಾಲ್ಮುರು ರೇಷ್ಮೆ ಮಗ್ಗದ ದಾರ, ಜರಿಯ ತುಂಡು – ಒಡವೆ, ಅಂಚಿಗೆ.

ಹುಣಸೆ ಬೀಜದ ಅಂಟು ಮಾಡುವುದು ಹೀಗೆ: ಬೀಜ ಹುರಿದು, ಕುಟ್ಟಿ, ಕಂದು ಸಿಪ್ಪೆ ತೆಗೆಯಿರಿ. ರಾತ್ರಿ ನೆನೆಸಿ ಬೆಳಿಗ್ಗೆ ನುಣ್ಣಗೆ ಅರೆಯಿರಿ. ನೀರು ಬೆರೆಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತಾ ಗಂಜಿಯ ಹದಕ್ಕೆ ಬರುವವರೆಗೆ ಕುದಿಸಿ. ಇದನ್ನು ನಾವು ಕಲಿಸಲು ಹೋದಾಗ ಒಬ್ಬ ಹುಡುಗ ನಕ್ಕ. "ಇದು ನಮ್ಮಜ್ಜಿ ಕಂಬಳಿಗೆ ಹಾಕೋ ಸರಿ ಅಲ್ವಾ?" ಅಂದ. ನಿಜ. ಕಂಬಳಿ ನೇಯುವವರು ಉಣ್ಣೆ ದಾರಕ್ಕೆ ಬಿಗಿ ಬರಲು ಇದನ್ನೇ ಬಳಿಯುತ್ತಾರೆ. ಕಿನ್ನಾಳದ ಗೊಂಬೆ ಮಾಡುವವರೂ ಮರದ ಹೊಟ್ಟಿನೊಂದಿಗೆ ಇದೇ ಅಂಟನ್ನು ಬಳಸುತ್ತಾರೆ. ಮರುದಿನ ಅಜ್ಜಿಯೇ ಬಂದು ಹದ ತೋರಿಸಿದರು. ಅಂದಿನಿಂದ ನಮ್ಮ ಸಂಪನ್ಮೂಲ ವ್ಯಕ್ತಿ ಅವರೇ.

ಗಮನಿಸಿ: ಪುಸ್ತಕ ಕಟ್ಟುವವರು ಹುಳ ಬಾರದಂತೆ ಅಂಟಿಗೆ ಮೈಲುತುತ್ತ ಹಾಕುವುದುಂಟು. ಅದು ವಿಷ. ಮಕ್ಕಳ ಕೈಗೆ ಬೇಡವೇ ಬೇಡ. ಅಂಟನ್ನು ಆಯಾ ದಿನಕ್ಕೆ ಬೇಕಾದಷ್ಟೇ ಮಾಡಿ, ವಸ್ತುವನ್ನು ಚೆನ್ನಾಗಿ ಒಣಗಿಸಿದರೆ ಸಾಕು.

ಗದೆ ಮಾಡುವ ವಿಧಾನ

1. ದೊಡ್ಡ ಬಲೂನನ್ನು ಸುಮಾರು 9 ಅಂಗುಲ ಅಗಲಕ್ಕೆ ಊದಿ ಕಟ್ಟಿ.

2. ಪತ್ರಿಕೆಯನ್ನು ಎರಡು ಬೆರಳಗಲದ ಪಟ್ಟಿಗಳಾಗಿ ಹರಿಯಿರಿ. ಕತ್ತರಿ ಬೇಡ, ಹರಿದ ಅಂಚು ಚೆನ್ನಾಗಿ ಕೂರುತ್ತದೆ.

3. ಪಟ್ಟಿಗೆ ಅಂಟು ಸವರಿ ಬಲೂನಿನ ಮೇಲೆ ಹಚ್ಚಿ. ಮೊದಲ ಪದರ ಅಡ್ಡ, ಎರಡನೆಯದು ಉದ್ದ. ಎರಡು ಪದರವಾದ ಮೇಲೆ ಒಂದು ದಿನ ನೆರಳು ಬಿಸಿಲಿನಲ್ಲಿ ಒಣಗಿಸಿ. ಒಟ್ಟು ಆರು ಪದರ. ಇಲ್ಲಿ ಆತುರ ಮಾಡಿದರೆ ಒಳಗೆ ಬೂಷ್ಟು ಹಿಡಿಯುತ್ತದೆ.

4. ಬಲೂನು ಒಡೆದು ತೆಗೆಯಿರಿ. ಮೇಲೆ ಕೆಳಗೆ ತೂತು ಮಾಡಿ, ಎರಡೂವರೆ ಅಡಿಯ ತೆಳು ಬಿದಿರನ್ನು ತೂರಿಸಿ. ಸೇರುವ ಜಾಗಕ್ಕೆ ಹಳೇ ಬಟ್ಟೆಯ ಪಟ್ಟಿಯನ್ನು ಅಂಟಿನಲ್ಲಿ ಅದ್ದಿ ಬಿಗಿಯಾಗಿ ಸುತ್ತಿ. ಗದೆ ಮುರಿಯುವುದು ಇಲ್ಲೇ, ಆದ್ದರಿಂದ ಕಟ್ಟು ಭದ್ರವಾಗಿರಲಿ.

5. ಕತ್ತಾಳೆ ಹುರಿಯನ್ನು ಕುಂಬಳಕಾಯಿಯ ಗೆರೆಗಳ ಹಾಗೆ ಮೇಲಿಂದ ಕೆಳಗೆ ಅಂಟಿಸಿ.

6. ಸೀಮೆಸುಣ್ಣದ ಪುಡಿಯನ್ನು ಅಂಟಿನಲ್ಲಿ ಕಲಸಿ ಬಳಿಯಿರಿ. ಒಣಗಿದ ಮೇಲೆ ಕಾವಿ ಬಣ್ಣ, ಅದರ ಮೇಲೆ ಚಿನ್ನದ ಬಣ್ಣ ಅಥವಾ ಬೇಗಡೆ. ಹುರಿಯ ಪಕ್ಕದ ತಗ್ಗುಗಳಿಗೆ ಕಪ್ಪು ಛಾಯೆ ಕೊಟ್ಟರೆ ದೂರದಿಂದ ಲೋಹದಂತೆ ಕಾಣುತ್ತದೆ.

ಆಮೇಲೆ ಮೂರು ಪರೀಕ್ಷೆ. ಭುಜದ ಎತ್ತರದಿಂದ ಮೂರು ಸಲ ಬೀಳಿಸಿ. 30 ಅಡಿ ದೂರ ನಿಂತು ನೋಡಿ. ಕೊನೆಗೆ ಪಾತ್ರಧಾರಿಯ ಕೈಗೆ ಕೊಟ್ಟು ದೃಶ್ಯ ಪೂರ್ತಿ ಆಡಿಸಿ. ನಮ್ಮ ಮೊದಲ ಗದೆಗೆ 'ಗಟ್ಟಿ ಇರಲಿ' ಅಂತ ಹುಡುಗರು ಒಳಗೆ ಮರಳು ತುಂಬಿದ್ದರು. ಐದೇ ನಿಮಿಷಕ್ಕೆ ಭೀಮ ಗದೆಯನ್ನು ನೆಲಕ್ಕೆ ಊರಿಬಿಟ್ಟ. ಆಗ ಅವರಿಗೆ ತಿಳಿಯಿತು: ಭಾರ ಇರಬೇಕಾದ್ದು ಗದೆಯಲ್ಲಿ ಅಲ್ಲ, ಅದನ್ನು ಎತ್ತುವ ನಟನ ತೋಳಿನ ನಟನೆಯಲ್ಲಿ. ಗದೆ ಮಾಡುವವನು ನಟನಿಗೆ ಆ ಅನುಕೂಲ ಮಾಡಿಕೊಡಬೇಕು.

ಗಣಿತ ಬಾರದವನೂ ಕಿರೀಟ ಮಾಡಿದ

ಕಿರೀಟಕ್ಕೆ ತಲೆಯ ಸುತ್ತಳತೆ ಬೇಕು. ದಾರದಿಂದ ಅಳೆದಾಗ 56 ಸೆಂಟಿಮೀಟರ್ ಬಂತು ಅಂದುಕೊಳ್ಳಿ. ರಟ್ಟಿನ ಪಟ್ಟಿಯನ್ನು ಅಷ್ಟೇ ಉದ್ದಕ್ಕೆ ಕತ್ತರಿಸಿದರೆ ಅಂಟಿಸಲು ಜಾಗ ಉಳಿಯೋದಿಲ್ಲ. ಎರಡು ಬೆರಳು ಹೆಚ್ಚಿಗೆ ಬಿಡಬೇಕು. ಮೇಲಿನ ಮುಚ್ಚಳಕ್ಕೆ ವೃತ್ತ ಎಷ್ಟು ಅಗಲ? 56ನ್ನು 3.14ರಿಂದ ಭಾಗಿಸಿದರೆ ಸುಮಾರು 18 ಸೆಂಟಿಮೀಟರ್. ಹತ್ತನೇ ತರಗತಿಯ ಗಣಿತದಲ್ಲಿ ಎರಡು ಸಲ ಫೇಲಾಗಿದ್ದ ಹುಡುಗನೊಬ್ಬ ಈ ಲೆಕ್ಕವನ್ನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಮಾಡಿ, "ಇದೇನಾ ಪೈ ಅಂದ್ರೆ? ಮೊದ್ಲೇ ಹೇಳಬಾರದಿತ್ತಾ" ಅಂದ. ಅವನಿಗೆ ಮೇಷ್ಟ್ರು ಹೇಳಿಯೇ ಇದ್ದರು. ಆದರೆ ಆಗ ಅವನ ಮುಂದೆ ತಲೆ ಇರಲಿಲ್ಲ, ಬರೀ ಪುಸ್ತಕ ಇತ್ತು.

ಪರಿಕರ ಕಲಿತ ಎಲ್ಲರೂ ಪಾಸಾಗುತ್ತಾರೆ, ಕೆಲಸ ಸಿಗುತ್ತದೆ ಅಂತ ನಾವು ಹೇಳುವುದಿಲ್ಲ. ಅಂಥ ಆಸೆ ಹುಟ್ಟಿಸುವುದು ಮಕ್ಕಳಿಗೆ ಮಾಡುವ ಮೋಸ. ಮನಸ್ಸಿರುವವರಿಗೆ ಮುಂದೆ ದಾರಿ ಇದೆ. ನಮ್ಮ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಶಿವಸಂಚಾರ ನಾಟಕ ತಂಡ 1997ರಿಂದ ಊರೂರು ಸುತ್ತುತ್ತಿದೆ. 1949ರಲ್ಲಿ ಆರಂಭವಾದ ಹೆಗ್ಗೋಡಿನ ನೀನಾಸಂ 1980ರಿಂದ ರಂಗಶಿಕ್ಷಣ ಕೊಡುತ್ತಿದೆ. ಆದರೆ ಬಹುಪಾಲು ಮಕ್ಕಳಿಗೆ ಸಿಗುವ ಲಾಭ ಬೇರೆ. 'ನನ್ನ ಕೈಲಿ ಏನೂ ಆಗೋದಿಲ್ಲ' ಎಂಬ ಮಾತು ಬಾಯಿಂದ ಹೋಗುತ್ತದೆ. ಅದು ಸಣ್ಣ ಲಾಭವಲ್ಲ.

ಕೈ ಕೆಲಸದಲ್ಲಿದ್ದಾಗ ಬಾಯಿ ಬಿಚ್ಚುತ್ತದೆ

ಹಳ್ಳಿಯಲ್ಲಿ ಹೆಣ್ಣುಮಕ್ಕಳನ್ನು ರಂಗದ ಮೇಲೆ ಕಳಿಸಲು ಮನೆಯವರು ಇವತ್ತಿಗೂ ಹಿಂಜರಿಯುತ್ತಾರೆ. ಪಾತ್ರಕ್ಕೆ ಬೇಡ ಅಂದವರು 'ಹಿಂದುಗಡೆ ಕೂತು ಕಾಗದ ಅಂಟಿಸೋದಾದ್ರೆ ಬರ್ಲಿ' ಅಂತಾರೆ. ಹೀಗೆ ಹುಡುಗಿಯರು ನಾಟಕದೊಳಗೆ ಬರುವ ಬಾಗಿಲು ಪರಿಕರದ ಕೋಣೆ.

ಮಕ್ಕಳನ್ನು ಎದುರಿಗೆ ಕೂರಿಸಿ 'ನಿನ್ನ ಸಮಸ್ಯೆ ಏನು?' ಅಂತ ಕೇಳಿದರೆ ಯಾರೂ ಹೇಳುವುದಿಲ್ಲ. ಕೈ ಅಂಟಿನಲ್ಲಿರುವಾಗ, ಕಣ್ಣು ಕೆಲಸದ ಮೇಲಿರುವಾಗ ಮಾತು ತಾನಾಗಿ ಬರುತ್ತದೆ. ಒಂದು ಸಂಜೆ ಪತ್ರಿಕೆ ಹರಿಯುತ್ತಾ ಕೂತಿದ್ದ ಹದಿನಾರರ ಹುಡುಗಿ, ತಲೆ ಎತ್ತದೆ, "ಈ ಗದೆ ಒಣಗೋ ಹೊತ್ತಿಗೆ ನಾನಿರಲ್ಲ. ಮುಂದಿನ ತಿಂಗಳು ಮದುವೆ" ಅಂದಳು. ಪಕ್ಕದವಳು ಪಟ್ಟಿ ಹಚ್ಚುವುದನ್ನು ನಿಲ್ಲಿಸಲಿಲ್ಲ. ನಾವೂ ನಿಲ್ಲಿಸಲಿಲ್ಲ. ಮಾತು ಮುಂದುವರಿಯಲು ಬಿಟ್ಟೆವು.

ಆಮೇಲೆ ಶಾಲೆಯ ಶಿಕ್ಷಕಿ, ಅಂಗನವಾಡಿ ಕಾರ್ಯಕರ್ತೆಯ ಜೊತೆ ಅವಳ ಮನೆಗೆ ಹೋದೆವು. ಒಂದು ಸಲ ಅಲ್ಲ, ನಾಲ್ಕು ಸಲ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಪ್ರಕಾರ ಹುಡುಗಿಗೆ 18 ತುಂಬಬೇಕು, ಮದುವೆ ಮಾಡಿಸಿದವರಿಗೂ ಶಿಕ್ಷೆ ಇದೆ ಎಂಬುದನ್ನು ಹೇಳಿದೆವು. ತಂದೆಯ ಭಯ ಬೇರೆಯೇ ಇತ್ತು: ಮಳೆ ಕೈಕೊಟ್ಟಿದೆ, ದುಡಿಯಲು ಊರು ಬಿಡಬೇಕು, ಬೆಳೆದ ಮಗಳನ್ನು ಯಾರ ಹತ್ತಿರ ಬಿಡೋದು? ಅದಕ್ಕೆ ಹಾಸ್ಟೆಲ್ ಹುಡುಕುವುದೇ ಉತ್ತರವಾಯಿತು. ಮದುವೆ ಮುಂದಕ್ಕೆ ಹೋಯಿತು. ಇದನ್ನು ಮಾಡಿದ್ದು ಗದೆಯಲ್ಲ. ಆದರೆ ಗದೆ ಇಲ್ಲದಿದ್ದರೆ ನಮಗೆ ವಿಷಯವೇ ತಿಳಿಯುತ್ತಿರಲಿಲ್ಲ. ಇಂಥದ್ದು ನಿಮ್ಮ ಕಿವಿಗೆ ಬಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು.

ತರಬೇತಿ ನಡೆಸುವವರಿಗೆ ಕೆಲವು ಸೂಚನೆಗಳು

• ಒಂದು ಗುಂಪಿಗೆ 12 ಮಕ್ಕಳು ಸಾಕು. ಹುಡುಗ ಹುಡುಗಿಯರು ಇಬ್ಬರೂ ಇರಲಿ. ಮಹಿಳಾ ಸಿಬ್ಬಂದಿ ಕಡ್ಡಾಯ.

• ಶೇಂಗಾ ಕೀಳುವ ಕಾಲದಲ್ಲಿ ತರಗತಿ ಇಡಬೇಡಿ. ಯಾರೂ ಬರುವುದಿಲ್ಲ, ಬಂದವರೂ ದಣಿದಿರುತ್ತಾರೆ. ಸುಗ್ಗಿ ಮುಗಿದ ಮೇಲೆ ಶುರು ಮಾಡಿದರೆ ಬೇಸಿಗೆಯ ಜಾತ್ರೆಗೆ ಸಾಮಾನು ಸಿದ್ಧ. ಹತ್ತನೇ ತರಗತಿಯವರನ್ನು ಪರೀಕ್ಷೆ ಮುಗಿದ ಮೇಲೆ ಸೇರಿಸಿಕೊಳ್ಳಿ.

• ಬ್ಲೇಡು, ಚಾಕು ಎಣಿಸಿ ಕೊಡಿ, ಎಣಿಸಿ ವಾಪಸ್ ಪಡೆಯಿರಿ. ಕತ್ತರಿಸುವಾಗ ಅಂಚು ಮೈಯಿಂದ ಆಚೆಗಿರಲಿ. ಥಿನ್ನರ್ ಬೆರೆಸುವ ಬಣ್ಣ ಬೇಡ. ನೀರಿನ ಬಣ್ಣ ಸಾಕು.

• ಕತ್ತಿ, ಕುಡುಗೋಲು, ಕೊಡಲಿ ಏನೇ ಇರಲಿ, ಬಿದಿರು ಮತ್ತು ರಟ್ಟಿನದ್ದೇ. ತುದಿ ದುಂಡಗಿರಲಿ, ಅಂಚಿಗೆ ಬಟ್ಟೆ ಸುತ್ತಿರಲಿ. ಈ ನಿಯಮಕ್ಕೆ ವಿನಾಯಿತಿ ಇಲ್ಲ.

• ನಾಟಕದ ದಿನ ಪರದೆಯ ಹಿಂದೆ ಒಂದು ಮೇಜು ಇಡಿ. ಮೇಲೆ ಕಾಗದ ಹಾಸಿ, ಪ್ರತಿ ವಸ್ತುವಿನ ಸುತ್ತ ಗೆರೆ ಎಳೆದು ಹೆಸರು ಬರೆಯಿರಿ. ಗೆರೆಯೊಳಗೆ ಜಾಗ ಖಾಲಿ ಇದ್ದರೆ ಏನು ಕಾಣೆಯಾಗಿದೆ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಓದು ಬರಹ ಕಡಿಮೆ ಇರುವ ಮಕ್ಕಳೂ ಇದನ್ನು ನಿಭಾಯಿಸುತ್ತಾರೆ.

• ಊರಿನವರಿಗೆ ಸಾಮಾನು ಬಾಡಿಗೆಗೆ ಕೊಟ್ಟರೆ ಲೆಕ್ಕದ ಪುಸ್ತಕ ಮಕ್ಕಳ ಕೈಯಲ್ಲೇ ಇರಲಿ. ಬಂದ ಹಣ ಅವರ ಗುಂಪಿನದು. ಇದು ಕಲಿಕೆಯಾಗಿಯೇ ಉಳಿಯಬೇಕು. ಶಾಲೆ ಬಿಡಿಸುವ ದುಡಿಮೆಯಾಗಬಾರದು.

ಇದೇ ಕೈಚಳಕ ಕ್ರಿಸ್ಮಸ್ ಗೋದಲಿಗೂ, ಗಣೇಶನ ಮಂಟಪಕ್ಕೂ, ಮೊಹರಂ ಹುಲಿವೇಷಕ್ಕೂ ಬರುತ್ತದೆ. ನಮ್ಮ ಗುಂಪಿನಲ್ಲಿ ಎಲ್ಲರ ಹಬ್ಬಕ್ಕೂ ಎಲ್ಲರೂ ಅಂಟು ಕುದಿಸಿದ್ದಾರೆ.

ಒಳಗೊಂದು ಹೆಸರು

ಕೊನೆಯದಾಗಿ ಒಂದು ಮಾತು. ನಮ್ಮ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಎರಡು ಸಾವಿರ ವರ್ಷಕ್ಕೂ ಹಳೆಯವು. 1892ರಲ್ಲಿ ಬಿ.ಎಲ್. ರೈಸ್ ಅವುಗಳನ್ನು ಪತ್ತೆ ಮಾಡಿದರು. ಮಾತು ಚಕ್ರವರ್ತಿಯದು. ಆದರೆ ಕೊನೆಯಲ್ಲಿ ಅದನ್ನು ಬರೆದ ಲಿಪಿಕಾರ ಚಪಡನ ಹೆಸರೂ ಇದೆ. ಕೆಲಸ ಮಾಡಿದವನು ತನ್ನ ಹೆಸರು ಬಿಟ್ಟುಹೋಗಿದ್ದಾನೆ.

ಇದನ್ನು ತಿಳಿದ ಮೇಲೆ ನಮ್ಮ ಮಕ್ಕಳು ಪ್ರತಿ ಕಿರೀಟದ ಒಳಗೆ, ಗದೆಯ ಹಿಡಿಯ ಕೆಳಗೆ ಮಾಡಿದವರ ಹೆಸರು ಬರೆಯುತ್ತಾರೆ. ನೋಡುವ ಜನಕ್ಕೆ ಕಾಣುವುದಿಲ್ಲ, ಹಿಡಿದ ನಟನಿಗೆ ಕಾಣುತ್ತದೆ. ಹಾಸ್ಟೆಲ್‌ಗೆ ಹೋದ ಆ ಹುಡುಗಿ ಜಾತ್ರೆಗೆ ಊರಿಗೆ ಬಂದಿದ್ದಳು. ಅವಳ ತಂದೆ ನಾಟಕ ಮುಗಿದ ಮೇಲೆ ಪರದೆಯ ಹಿಂದೆ ಬಂದು, ಗದೆ ತಿರುಗಿಸಿ ಮಗಳ ಹೆಸರು ನೋಡಿ, ಏನೂ ಮಾತಾಡದೆ ಅದರ ಜಾಗದಲ್ಲೇ, ಗೆರೆಯೊಳಗೇ ಇಟ್ಟುಹೋದರು.

ನಿಮ್ಮ ಊರಿನ ಯುವಕ ಸಂಘ, ಸ್ವಸಹಾಯ ಸಂಘ, ಶಾಲೆಯಲ್ಲೂ ಇದನ್ನು ಆರಂಭಿಸಬಹುದು. ಒಂದು ಸೇರು ಹುಣಸೆ ಬೀಜ, ಒಂದು ಕಟ್ಟು ಹಳೇ ಪತ್ರಿಕೆ ಸಾಕು. ಮುಂದಿನ ಸಲ ನಾಟಕ ನೋಡುವಾಗ ಗದೆ ಮಾಡಿದವರು ಯಾರು ಅಂತ ಒಮ್ಮೆ ಕೇಳಿ.